ನಮ್ಮನೆ ಟ್ರಂಕಿನ ಬೀಗ

ಮೀಸೆ ಬಂದು ಎಷ್ಟೋ ವರ್ಷ ಆದ್ಮೇಲೆ ಕಾಲೇಜು ಸೇರ್ದೋನು ನಾನು. ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಹೆಂಡ್ತಿ ಕರ್ಕೊಂಡು ಎಲೆಕ್ಟ್ರಾನಿಕ್ ಸಿಟಿ ಹಿಂದಿನ ಒಂದು ವಠಾರಕ್ಕೆ ಬಂದೆ. ಬಾಡಿಗೆ ಮನೆ ಜನರ ಬಗ್ಗೆ ರಿಸರ್ಚ್ ಮಾಡ್ತಿದ್ದ ಒಬ್ರು ಮೇಡಂ ಹತ್ರ ಕೆಲಸ ಸಿಕ್ತು. ಅವರಿಗೆ ಕನ್ನಡ ಬರಲ್ಲ. ಅವರು ಕೇಳಿದ್ದನ್ನ ನಾನು ಕನ್ನಡಕ್ಕೆ ತಿರುಗಿಸ್ಬೇಕು, ಜನ ಹೇಳಿದ್ದನ್ನ ಇಂಗ್ಲಿಷಿಗೆ.

"ಇದು ಸರ್ವೆ ಅಲ್ಲ. ಜೊತೇಲಿ ಕೂತು, ಜನ ಹೆಂಗಿರ್ತಾರೋ ಹಂಗೇ ನೋಡ್ಬೇಕು" ಅಂತಿದ್ರು ಮೇಡಂ. ನಾನೂ ಓದಿದ್ದು ಅದನ್ನೇ. ಆದ್ರೆ ನಾವು ಬರ್ತೀವಿ ಅಂದ್ರೆ ಸಾಕು, ಎಲ್ಲರ ಮನೆಗೂ ಅವೇ ಎರಡು ಕೆಂಪು ಪ್ಲಾಸ್ಟಿಕ್ ಕುರ್ಚಿ ನಮಗಿಂತ ಮುಂಚೆ ಬಂದು ಕೂತಿರ್ತಿದ್ವು. ಅವು ನಮ್ಮ ಪಕ್ಕದ ಮನೆ ಅಕ್ಕಂದು. ನಂಗೆ ಗೊತ್ತಿತ್ತು, ಮೇಡಂಗೆ ಹೇಳ್ಲಿಲ್ಲ.

ಆ ಅಕ್ಕ ಯಾದಗಿರಿ ಕಡೆಯೋರು, ಬಿಲ್ಡಿಂಗ್ ಕೆಲಸಕ್ಕೆ ಹೋಗೋರು. ಅವರ ಮನೇಲಿ ಟೀ ಕುಡೀತಾ ಮೇಡಂ ಮಂಚದ ಕೆಳಗಿನ ಟ್ರಂಕ್ ತೋರಿಸಿ, ಒಳಗೇನಿದೆ ನೋಡ್ಬೋದಾ ಕೇಳಿ ಅಂದ್ರು. ಕೇಳ್ದೆ.

"ಅದು ಬ್ಯಾಡ್ರಿ ಅಣ್ಣಾ."

ಅಷ್ಟನ್ನ ಇಂಗ್ಲಿಷಲ್ಲಿ ಹೇಳಿದ್ರೆ ಮುಗೀತಿತ್ತು. ಆದ್ರೆ ಮೇಡಂ ಕೇಳಿದ್ದು ನನ್ನಿಂದ ಆಗ್ಲಿಲ್ಲ ಅನ್ನಿಸ್ಕೊಳ್ಳೋಕೆ ನಂಗೆ ಇಷ್ಟ ಇರ್ಲಿಲ್ಲ. "ರಿಸರ್ಚಿಗೆ ಅಕ್ಕ, ಏನಾಗಲ್ಲ, ತೆಗೀರಿ" ಅಂದೆ.

ತೆಗೆದ್ರು. ಸೀರೆ ಪಕ್ಕ, ತಿಂಗಳ ಮುಟ್ಟಿಗೆ ಅಂತ ಒಗೆದು ಮಡಚಿಟ್ಟ ಹಳೇ ಬಟ್ಟೆ ತುಂಡುಗಳು. ಅಕ್ಕ ಸೆರಗು ಎಳೆದು ಮುಚ್ಚಿದ್ರು. ಮೇಡಂ ಫೋಟೋಗೆ ಅಂತ ಎತ್ತಿದ್ದ ಕ್ಯಾಮೆರಾ ಇಳಿಸಿ ಸಾರಿ ಅಂದ್ರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡ್ತಾ ನಿಂತೆ.

ಮುಂದಿನ ವಾರ ಮೇಡಂ, "ನಿಮ್ಮನೇನೂ ನೋಡೋಣ್ವಾ?" ಅಂದ್ರು. ಇನ್ನು ಸ್ವಲ್ಪ ದಿನ, ಜನ ತಮ್ಮ ಮನೇನ ತಾವೇ ಫೋನಲ್ಲಿ ವಿಡಿಯೋ ಮಾಡಿ ಕಳಿಸ್ತಾರೆ, ಆಮೇಲೆ ಹಿಂಗೆ ಮನೆಮನೆಗೆ ಹೋಗೋದಿರಲ್ಲ ಅಂತಾನೂ ಅಂದ್ರು. ಕೆಲಸ ಹೋಗುತ್ತೇನೋ ಅಂತ ಹೆದರಿ ಬನ್ನಿ ಅಂದೆ.

ನನ್ನ ಹೆಂಡ್ತಿ ನೆಲ ಒರೆಸಿ, ಒಣಹಾಕಿದ್ದ ಬಟ್ಟೆ ಎಲ್ಲಾ ಟ್ರಂಕಿಗೆ ತುರುಕಿ ಬೀಗ ಹಾಕಿದ್ಲು. ಕೆಂಪು ಕುರ್ಚಿ ಬಂದ್ವು. ಅಕ್ಕನೇ ಹೊತ್ಕೊಂಡು ಬಂದು ಬಾಗಿಲಲ್ಲೇ ನಿಂತ್ರು.

ಮೇಡಂ ಟ್ರಂಕ್ ಕಡೆ ಕೈ ಮಾಡಿದ್ರು. ಹೆಂಡ್ತಿ ನನ್ನ ಮುಖ ನೋಡಿದ್ಲು. "ಬೇಡ ಅಂತ ಹೇಳ್ರಿ" ಅಂದ್ಲು ಮೆಲ್ಲಗೆ.

ಬೇಡ ಅನ್ನೋಕೂ ಬಾಯಿ ಬರ್ಲಿಲ್ಲ. ಬೀಗ ಹಿಡಿದು ಅಲ್ಲಾಡಿಸಿ, ಖಾಲಿ ಕೈ ತೋರಿಸಿ, ಕೀ ಕಳೆದೋಗಿದೆ ಅಂತ ಇಂಗ್ಲಿಷಲ್ಲಿ ಅಂದೆ. ಮೇಡಂ ಪರವಾಗಿಲ್ಲ ಅಂದು ಒಲೆ ಕಡೆ ತಿರುಗಿದ್ರು.

ಅಕ್ಕ ನಕ್ಕರು. "ಕೀಲಿಕೈ ಕಳದೈತೇನ್ರಿ ಅಣ್ಣಾ?"

"ಹೌದಕ್ಕ."

"ನನ್ನ ಟ್ರಂಕಿಗೂ ಒಂದ್ ಕೀಲಿ ಇದ್ದಿದ್ರ ಚಲೋ ಇತ್ತು ನೋಡ್ರಿ."

ಕೀ ನನ್ನ ಹೆಂಡ್ತಿ ತಾಳಿಗೆ ಸಿಗಿಸಿದ್ದ ಪಿನ್ನಲ್ಲಿ, ಎಲ್ಲರಿಗೂ ಕಾಣೋ ಹಂಗೆ ತೂಗಾಡ್ತಿತ್ತು.