ಪೀಕದಾನಿಯ ಅಮೋಘಪ್ಪ

ಮಧ್ಯಾಹ್ನ ಮೂರರ ಹೊತ್ತು. ಕಮಲಾಪುರದ ಹಣಮಂತರಾಯರ ದ್ರಾಕ್ಷಿ ತೋಟದಲ್ಲಿ, ಚಪ್ಪರದ ನೆರಳಿಗೆ ಕಲಬುರಗಿಯಿಂದ ವೈನ್ ರುಚಿ ನೋಡಲು ಬಂದ ಅತಿಥಿಗಳು ಕೂತಿದ್ದಾರೆ. ರಾಯರ ಸೊಸೆ ಸುಷ್ಮಿತಾ ಗ್ಲಾಸಿಗೆ ಎರಡು ಗುಟುಕು ಕೆಂಪು ವೈನ್ ಹಾಕಿ, ಅಲುಗಾಡಿಸಿ ಮೂಸುವುದನ್ನು ತೋರಿಸುತ್ತಿದ್ದಾರೆ. ಐವಾನ್-ಎ-ಶಾಹಿ ಬಡಾವಣೆಯ ನಿವೃತ್ತ ಎಂಜಿನಿಯರೊಬ್ಬರು ಬಾಯಿ ತುಂಬಿಕೊಂಡು ರುಚಿ ನೋಡಿ, ಇನ್ನು ಎಲ್ಲಿ ಉಗುಳಲಿ ಎಂದು ಕಣ್ಣು ಕಣ್ಣು ಬಿಡುತ್ತಾರೆ. ಅಷ್ಟರಲ್ಲಿ ಅವರ ಗದ್ದದ ಕೆಳಗೆ ಹಿತ್ತಾಳೆಯ ಪೀಕದಾನಿ ಬಂದಿರುತ್ತದೆ. ಹಿಡಿದವರು ಅಮೋಘಪ್ಪ.

ಹಳೇ ಮನೆಗಳಲ್ಲಿ ಎಲೆ-ಅಡಿಕೆ ಉಗುಳಲು ಇಡುತ್ತಿದ್ದ ಈ ಪೀಕದಾನಿಯನ್ನು ರಾಯರು ಶಹಾಬಜಾರದ ಅಂಗಡಿಯಲ್ಲಿ ಹುಡುಕಿ ತಂದರು. ನಾಲ್ಕಾರು ಬಗೆ ರುಚಿ ನೋಡುವವರು ಎಲ್ಲವನ್ನೂ ನುಂಗಿದರೆ ತಲೆ ತಿರುಗುತ್ತದೆ, ಅದಕ್ಕೇ ಉಗುಳುವ ಪದ್ಧತಿ. ಉಗುಳಿದ್ದು, ಗ್ಲಾಸಿನಲ್ಲಿ ಉಳಿದದ್ದು, ಬಾಟಲಿಯ ತಳದ್ದು ಎಲ್ಲವನ್ನೂ ಒಯ್ದು ತಿಪ್ಪೆಗೆ ಸುರಿಯುವುದು ಅಮೋಘಪ್ಪನವರ ಕೆಲಸ. ಮುಂಜಾನೆ ಹುಣಸೆಹಣ್ಣು ಹಚ್ಚಿ ಪೀಕದಾನಿಯನ್ನು ಫಳಫಳ ತಿಕ್ಕುವವರೂ ಅವರೇ.

ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದ ಕಾಲಕ್ಕೆ ಇದೇ ಅಮೋಘಪ್ಪ ಹೆಸರಾಂತ ಕುಡುಕರು. ಹೆಂಡತಿ ಪುತಳಾಬಾಯಿ ಬೇಸತ್ತು ಮಕ್ಕಳನ್ನು ಕಟ್ಟಿಕೊಂಡು ಕಮಲಾಪುರದ ತವರಿಗೆ ಬಂದರು. ಕುಡಿತ ಬಿಟ್ಟು ಬಂದರೆ ಮಾತ್ರ ಬಾಗಿಲು ತೆಗೆಯುವೆ ಎಂದರು. ಇವರು ಬಿಟ್ಟೇ ಬಂದರು. ಆದರೂ ದಿನಾ ಸಂಜೆ ಹೊಸ್ತಿಲಲ್ಲೇ ಗಂಡನ ಬಾಯಿ ಮೂಸಿ ಒಳಗೆ ಬಿಡುವುದು ಪುತಳಾಬಾಯಿಯ ಕಾಯಿದೆ. ಒಮ್ಮೆ ಕುಡಿದು ಸಿಕ್ಕಿಬಿದ್ದರೆ ಸಂಸಾರ ಅಲ್ಲಿಗೆ ಮುಗಿಯಿತು.

“ಇಲ್ಲಿ ಕೆಲಸ ಸಿಕ್ಕಿತು ಅಂದಾಗ, ಬೆಕ್ಕಿಗೆ ಹಾಲು ಕಾಯಾಕ ಇಟ್ಟಂಗಾತು ಅಂತ ಅತ್ತಳ್ರೀ,” ಎನ್ನುತ್ತಾರೆ ಅಮೋಘಪ್ಪ. “ನಂಗೂ ಅಂಜಿಕಿ ಇತ್ತು. ಮೊದಲ ದಿನ ತಿಪ್ಪಿ ತನಕ ಉಸುರು ಹಿಡ್ಕೊಂಡ ಹೋಗಿದ್ದೆ. ಈ ಮಂದಿ ನೋಡ್ರಿ, ಬಾಯಾಗ ಹಾಕ್ಕೊಂಡದ್ದನ್ನ ಉಗುಳ್ತಾರ! ನಂಗ ಯಾರೂ ಇದನ್ನ ಕಲಿಸಲಿಲ್ಲ.”

ಹಣಮಂತರಾಯರಿಗೆ ಇವರ ಮೇಲೆ ಪೂರ್ತಿ ಭರವಸೆ. “ಮೊದಲಿದ್ದಾಂವ ಅರ್ಧ ತಾನ ಕುಡೀತಿದ್ದ. ಅಮೋಘಪ್ಪ ಬಂದ ಮ್ಯಾಲ ತಿಪ್ಪಿ ಕುಡಿಯಾಕತ್ತದ,” ಎಂದು ನಗುತ್ತಾರೆ. ಆದರೆ ಮನೆಯಲ್ಲಿ ಆ ಭರವಸೆ ಇರಲಿಲ್ಲ. ಕಳೆದ ತಿಂಗಳು ಅತಿಥಿಯೊಬ್ಬರ ಗುರಿ ತಪ್ಪಿ ವೈನೆಲ್ಲ ಅಮೋಘಪ್ಪನವರ ಅಂಗಿಯ ಮೇಲೆ ಬಿತ್ತು. ಆ ಸಂಜೆ ವಾಸನೆ ಬಡಿದದ್ದೇ ತಡ, ಪುತಳಾಬಾಯಿ ಚಿಲಕ ಹಾಕಿಕೊಂಡರು. ಎಷ್ಟು ಹೇಳಿದರೂ ನಂಬಲಿಲ್ಲ. ಅಮೋಘಪ್ಪ ಆ ರಾತ್ರಿ ಕಟ್ಟೆಯ ಮೇಲೆಯೇ ಮಲಗಿದರು. 

ಮರುದಿನ ಗಂಡನ ಮಾತು ನಿಜವೇ ಎಂದು ತಿಳಿಯಲು ಪುತಳಾಬಾಯಿ ಖುದ್ದು ತೋಟಕ್ಕೆ ಬಂದು ಚಪ್ಪರದ ಮೂಲೆಯಲ್ಲಿ ಕೂತು, ಗಂಡ ತಿಪ್ಪೆಗೆ ಹೋಗಿ ಬರುವುದನ್ನು ಕಣ್ಣು ಕೀಳದೆ ನೋಡಿದರು. ಸುಷ್ಮಿತಾ ಪುತಳಾಬಾಯಿಗೂ ಒಂದು ಗುಟುಕು ವೈನ್ ಕೊಟ್ಟರು. ಬಾಯಿಗೆ ಹಾಕಿಕೊಂಡವರೇ ಮುಖ ಕಿವುಚಿ, ಗಂಡ ಹಿಡಿದ ಪೀಕದಾನಿಗೆ ಉಗುಳಿದರು.

“ನೀವು ಕುಡೀತಿದ್ದದ್ದೂ ಹಿಂಗ ಇತ್ತೇನ್ರೀ?”

“ಇದಕ್ಕಿಂತ ಕೆಟ್ಟಿತ್ತು.”

“ಮತ್ತ ಯಾಕ ಕುಡೀತಿದ್ರಿ?”

ಅಮೋಘಪ್ಪ ಪೀಕದಾನಿ ಎತ್ತಿಕೊಂಡು ಸೀದಾ ತಿಪ್ಪೆಗೆ ನಡೆದರಂತೆ.

“ಸಂಜೀಕ ಮನಿಗೆ ಹೋಗಿ ಹೊಸ್ತಿಲದಾಗ ನಾನ ಬಾಯಿ ತೆರದು ನಿಂತೆ. ‘ಮೂಸಿ ನೋಡು’ ಅಂದೆ. ಆಕಿ ನೋಡಲಿಲ್ರೀ. ‘ರೊಟ್ಟಿ ಆರಾಕತ್ತಾವ, ಒಳಗ ಬರ್ರಿ’ ಅಂದ್ಲು.”