ಹುಡುಕುವುದಕ್ಕಷ್ಟೇ ಹಣ

ಮೂವತ್ತು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದೆ. ಮೊದಲು ಸಾವಳಗಿ, ಆಮೇಲೆ ಹುನ್ನೂರ, ಕೊನೆಗೆ ಬನಹಟ್ಟಿ. ನಿವೃತ್ತಿಯಾಗಿ ರಬಕವಿಯ ಮನೆ ಸೇರಿದ ಮೇಲೆ ಆರು ತಿಂಗಳು ಹಾಯೆನಿಸಿತು. ಆಮೇಲೆ ಬಜಾರಿನಲ್ಲಿ ಎದುರಾಗಿ ‘ನಮಸ್ಕಾರ್ರೀ ಸಿಸ್ಟರ’ ಅನ್ನುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ನನ್ನ ಅವಶ್ಯಕತೆ ಯಾರಿಗೂ ಇಲ್ಲ ಅನ್ನಿಸತೊಡಗಿದ ಹೊತ್ತಿನಲ್ಲೇ ಒಂದು ಸೇವಾಸಂಸ್ಥೆಯ ಅಧಿಕಾರಿ ನಮ್ಮ ಮನೆಗೆ ಬಂದದ್ದು.

ದೂರದ ಶಹರದ ಒಂದು ಸಂಸ್ಥೆಯವರು ಕ್ಯಾನ್ಸರನ್ನು ಮೊದಲ ಹಂತದಲ್ಲೇ ಕಂಡುಹಿಡಿಯುವ ಕೆಲಸಕ್ಕೆ ಹಣ ಕೊಡುತ್ತಾರೆ. ಆ ಕೆಲಸವನ್ನು ಊರಿನ ಮಂದಿಯೇ ಮಾಡಬೇಕು. ಅರ್ಜಿ ಬರೆಯಲು ನಿಮ್ಮಂಥವರು ಬೇಕು ಎಂದ. ಧಾರವಾಡ ಕಡೆಯವನು, ನನ್ನ ಮಗನ ವಯಸ್ಸು. ಕೆಟ್ಟವನಲ್ಲ. ಮುಂದೆ ನಾನು ಹೇಳುವುದನ್ನು ಓದಿದರೆ ಹಾಗೆ ಅನ್ನಿಸಬಹುದು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ.

ಮೂರು ದಿನ ನಮ್ಮ ಪಡಸಾಲೆಯಲ್ಲಿ ಕೂತು ಅರ್ಜಿ ಬರೆದೆವು. ನಾನು ಹೇಳಿದೆ, ಅವನು ಟೈಪ್ ಮಾಡಿದ. ಮಗ್ಗದ ಮನೆಗಳಲ್ಲಿ ಹೆಂಗಸರು ಮುಂಜಾನೆ ಎದ್ದ ಕೂಡಲೇ ಹುರಿದ ತಂಬಾಕಿನ ಕರಿಪುಡಿ, ಮಿಶ್ರಿ, ಹಲ್ಲಿಗೆ ತಿಕ್ಕುತ್ತಾರೆ. ಗಂಡಸರು ತಂಬಾಕಿಗೆ ಸುಣ್ಣ ಕೂಡಿಸಿ ದವಡೆಗೆ ಒತ್ತಿಟ್ಟು ಮಗ್ಗದ ಮುಂದೆ ನಿಲ್ಲುತ್ತಾರೆ. ಇವರ ಬಾಯಿ ನೋಡುವವರು ಯಾರೂ ಇಲ್ಲ ಎಂದು ಬರೆಸಿದೆ. ಯಾರ ಬಾಯಲ್ಲಾದರೂ ಕಲೆ ಸಿಕ್ಕರೆ ಅವರನ್ನು ಹುಬ್ಬಳ್ಳಿಗೋ ಬೆಳಗಾವಿಗೋ ಕರೆದೊಯ್ಯುವ ಬಸ್ ಚಾರ್ಜು, ಪರೀಕ್ಷೆಯ ಖರ್ಚು, ಜೊತೆಗೆ ಹೋಗುವವರ ಆ ದಿನದ ಪಗಾರ ಎಂದು ಒಂದು ಪುಟವನ್ನೇ ಬರೆಸಿದೆ.

ಮಂಜೂರಿ ಬಂತು. ಆ ಪುಟ ಮಾತ್ರ ಹೋಗಿತ್ತು.

“ಅವರು ಹುಡುಕೋದಕ್ಕಷ್ಟ ದುಡ್ಡು ಕೊಡತಾರ್ರೀ ಮೇಡಂ,” ಎಂದ ಅವನು, ನನ್ನ ಮುಖ ನೋಡದೆ. “ಚಿಕಿತ್ಸಾ ಅವರ ಕೆಲಸ ಅಲ್ಲಂತ. ಎರಡನೇ ವರ್ಷದಾಗ ಹೆಂಗಾರ ಮಾಡಿ ಸೇರಸ್ತೀನಿ. ನೀವು ಮಂದಿಗಿ ಧೈರ್ಯಾ ಹೇಳ್ರಿ, ಮುಂದಿಂದು ನಾವ ನೋಡ್ಕೋತೀವಿ ಅಂತ.”

ನಾನು ನಂಬಿದೆ ಅಂದರೆ ಸುಳ್ಳಾಗುತ್ತದೆ. ನನಗೆ ಕೆಲಸ ಬೇಕಾಗಿತ್ತು.

ಬನಹಟ್ಟಿಯಲ್ಲಿ ನಾನು ಮೊದಲು ನೋಡಿದ ಬಾಯಿಗಳಲ್ಲಿ ಅವಳದೂ ಒಂದು. ಕಂಡಿಕೆ ಸುತ್ತುವ ಹೆಂಗಸು, ನಲವತ್ತರ ಆಸುಪಾಸು. ಗಂಡ ಬೇರೆಯವರ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಇವಳು ಮನೆಯಲ್ಲೇ ಕೂತು ಆ ಮಗ್ಗಗಳಿಗೆ ಹೊಕ್ಕಿನ ನೂಲನ್ನು ಕಂಡಿಕೆಯ ಸಣ್ಣ ಕೊಳವೆಗೆ ಸುತ್ತಿಕೊಡುತ್ತಿದ್ದಳು. ಒಬ್ಬಳೇ ಮಗಳು, ಹೈಸ್ಕೂಲು. ಓಣಿಗೆಲ್ಲ ಅವಳ ಮಾತೆಂದರೆ ಮಾತು. ಮಗ್ಗಗಳ ಸದ್ದನ್ನೂ ಮೀರಿ ಅವಳ ನಗು ಕೇಳುತ್ತಿತ್ತು.

“ನನ್ನ ಬಾಯಾಗೇನ್ ನೋಡ್ತೀರಿ ಅಕ್ಕಾರ? ಬೈಗುಳಾ ಅದಾವ ಅಷ್ಟ,” ಎಂದು ಬಾಯಿ ತೆರೆದಳು.

ಬ್ಯಾಟರಿ ಹಿಡಿದು ನೋಡಿದೆ. ಎಡಗೆನ್ನೆಯ ಒಳಗೆ ಬಿಳಿಯ ಕಲೆ, ನಡುವೆ ಕೆಂಪು. ಬೆರಳು ಮುಟ್ಟಿಸಿದರೆ ಒರಟು.

“ಸುಣ್ಣ ಸುಟ್ಟಿರಬೇಕ್ರಿ,” ಎಂದಳು. ನಾನು ನೋಟುಬುಕ್ಕು ತೆಗೆದು ಅವಳ ಹೆಸರು ಬರೆದುಕೊಂಡೆ. ಅದನ್ನು ನೋಡಿ ಅವಳ ನಗು ನಿಂತಿತು. “ಕಂಡಿಂದ ಏನ ಮಾಡೋರು? ನಾ ಬಾಯಿ ತಗದ ತೋರಸ್ತೀನಿ, ನೀವು ಬರಕೊಂಡ ಹೋಗ್ತೀರಿ. ಆಮ್ಯಾಲ?”

“ಮುಂದಿಂದು ನಾವ ನೋಡ್ಕೋತೀವಿ ತಂಗಿ,” ಎಂದೆ.

ಆ ತಿಂಗಳು ಜಮಖಂಡಿಯಲ್ಲಿ ಶಿಬಿರವಿತ್ತು. ನಾನೇ ಕರೆದುಕೊಂಡು ಹೋದೆ. ಹಲ್ಲಿನ ಡಾಕ್ಟರು ನೋಡಿ, ಇನ್ನೂ ಹೆಚ್ಚಾಗಿಲ್ಲ, ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು, ಮುಂದಿನ ಶಿಬಿರಕ್ಕೆ ಅದರ ವ್ಯವಸ್ಥೆ ಆಗುತ್ತದೆ ಎಂದರು. ಬರುವಾಗ ಬಸ್ಸಿನಲ್ಲಿ ಅವಳು, ಇವತ್ತಿನಿಂದ ಮಿಶ್ರಿ ಬಿಟ್ಟೆ ಅಂದಳು. ಬಿಟ್ಟಳು ಕೂಡ.

ಮುಂದಿನ ಶಿಬಿರ ಆಗಲೇ ಇಲ್ಲ. ಫೋನ್ ಮಾಡಿದರೆ ಅಧಿಕಾರಿಯ ದನಿ ಸಣ್ಣದಾಗಿತ್ತು. “ಮೊದಲನೇ ಹಂತ ಮುಗೀತ್ರಿ ಮೇಡಂ. ವರದಿ ಕಳಿಸೀವಿ. ಎಷ್ಟ ಮಂದೀನ ನೋಡೀವಿ, ಎಷ್ಟ ಕಲೆ ಸಿಕ್ಕಾವ ಅಂತ ಅವರಿಗಿ ಭಾಳ ಖುಷಿ ಆಗೇತಿ. ಮುಂದಿಂದಕ್ಕ ಮಂಜೂರಿ ಬಂದ ಕೂಡಲೆ ಪೇಶಂಟಗೋಳಿಗಿ ಫೋನ್ ಬರತೈತಿ ಅಂತ ಹೇಳ್ರಿ.”

ಹೇಳಿದೆ. ಅವಳ ಮನೆಯ ಹೊಸ್ತಿಲ ಮೇಲೆ ಕೂತು, ಅವಳು ಕೊಟ್ಟ ಚಹಾ ಕುಡಿಯುತ್ತ, “ಫೋನ್ ಬರತೈತಿ ತಂಗಿ” ಎಂದು ಹೇಳಿ ಬಂದೆ. ಮರುವಾರ ನನ್ನ ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದೆ. ಹೋಗುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು ಅವಳನ್ನು ಹುಬ್ಬಳ್ಳಿಗೆ ಕರೆದೊಯ್ಯಬಹುದಿತ್ತು. ಯಾವ ಸಂಸ್ಥೆಯ ಮಂಜೂರಿಯೂ ಅದಕ್ಕೆ ಬೇಕಿರಲಿಲ್ಲ. ಆದರೆ ಅಂಟಿನುಂಡೆ ಕಟ್ಟುವುದಿತ್ತು, ಕೂಸಿನ ಬಟ್ಟೆ ಹೊಲಿಸುವುದಿತ್ತು. ಅವಳೂ ದೊಡ್ಡವಳು, ತಾನೇ ಹೋದಾಳು ಎಂದುಕೊಂಡೆ.

ನಾಲ್ಕು ತಿಂಗಳಾದ ಮೇಲೆ ವಾಪಸು ಬಂದು ಅವಳ ಮನೆಗೆ ಹೋದೆ. ಕೆನ್ನೆಗೆ ಸೆರಗು ಒತ್ತಿಕೊಂಡು ಬಂದಳು. ಬಾಯಿ ತೆರೆ ಎಂದರೆ ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ. ವಾಸನೆ ನನ್ನ ಮೂಗಿಗೆ ಮೊದಲೇ ತಿಳಿಸಿತ್ತು.

“ಯಾಕ ಹೋಗಲಿಲ್ಲವಾ ದವಾಖಾನಿಗಿ?” ಎಂದು ಸಿಟ್ಟಿನಿಂದಲೇ ಕೇಳಿದೆ. ಸಿಟ್ಟು ಯಾರ ಮೇಲಿತ್ತೋ ಗೊತ್ತಿಲ್ಲ.

“ನೀವ ಫೋನ್ ಬರತೈತಿ ಅಂದಿದ್ರಿ,” ಎಂದಳು. “ಎಲ್ಲಿ ಹ್ವಾದ್ರೂ ಫೋನ್ ಹಿಡಕೊಂಡ ಹೋಗ್ತಿದ್ದೆ. ಚಾರ್ಜ ಇಳಿದೀತಂತ ಮಗಳಿಗಿ ಮುಟ್ಟಾಕ ಕೊಡತಿದ್ದಿಲ್ಲ.”

ಮಾರನೆಯ ದಿನವೇ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ರೇಷನ್ ಕಾರ್ಡಿನ ಮೇಲೆ ಆಪರೇಷನ್ ಆಯಿತು. ಎಡದವಡೆಯ ಎಲುಬು, ನಾಲಗೆಯ ಅಂಚು, ಕೆನ್ನೆಯ ಮಾಂಸ ತೆಗೆದು, ಎದೆಯ ಚರ್ಮ ತಂದು ಹೊಲಿದರು. ಆಮೇಲೆ ಆರು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದೆಂದು ಅಲ್ಲೇ ಉಳಿದಳು. ಗಂಡ ಮಗ್ಗ ಬಿಟ್ಟು ಜೊತೆಗಿದ್ದ. ಮಗಳು ಸಾಲಿ ಬಿಟ್ಟು ಕಂಡಿಕೆ ಸುತ್ತಿದಳು. ಅವಳು ಬದುಕಿದಳು. ರೊಟ್ಟಿ ತಿನ್ನಲಾಗುವುದಿಲ್ಲ, ಅಂಬಲಿ ಕುಡಿಯುತ್ತಾಳೆ. ಅದೂ ಅರ್ಧ ತುಟಿಯಂಚಿನಿಂದ ಸೋರುತ್ತದೆ. ಮಾತು ಮನೆಯವರಿಗೆ ಮತ್ತು ನನಗೆ ಮಾತ್ರ ತಿಳಿಯುತ್ತದೆ.

ಮುಂದಿನ ವರ್ಷ ಅಧಿಕಾರಿ ಮತ್ತೆ ಬಂದ. ಈ ಸಲ ಬೀಳಗಿ ಮತ್ತು ಮುಧೋಳದ ಹಳ್ಳಿಗಳಿಗೆ ಅರ್ಜಿ. “ನೀವು ಅವತ್ತ ಹೇಳಿದ್ದೆಲ್ಲಾ ಇದರಾಗ ಹಾಕೀನ್ರಿ. ಬಸ್ ಚಾರ್ಜು, ಪರೀಕ್ಷಾ, ಜೋಡಿ ಹೋಗೋರ ಪಗಾರ,” ಎಂದು ಕಾಗದ ತೋರಿಸಿದ. ಖರೆಯೇ, ಇತ್ತು. “ಹಣಾ ಕೊಡೋರಿಗಿ ಒಂದ ಸಣ್ಣ ವಿಡಿಯೋ ಬೇಕಂತ್ರಿ. ಮೊದಲನೇ ಹಂತದಿಂದ ಉಳದ ಒಂದ ಜೀವಾ ತೋರಸ್ರಿ ಅಂದಾರ.”

ಯಾರ ಜೀವ ಎಂದು ನಾನು ಕೇಳಲಿಲ್ಲ.

ಪುಣೆಯಿಂದ ಇಬ್ಬರು ಕ್ಯಾಮೆರಾ ಹಿಡಿದು ಅಧಿಕಾರಿಯ ಜೊತೆ ಅವಳ ಮನೆಗೆ ಬಂದರು. ಆ ಇಬ್ಬರಿಗೂ ಕನ್ನಡ ಬರದು. ಅವಳ ಮಾತು ತಿಳಿಯುವವಳು, ಹಿಂದಿ ಬಲ್ಲವಳು ನಾನು. ಪಕ್ಕದಲ್ಲಿ ಕೂತು ಹೇಳುವ ಕೆಲಸ ನನಗೆ ಬಂತು. ಓಣಿಯ ಮಗ್ಗಗಳನ್ನು ಅರ್ಧ ತಾಸು ನಿಲ್ಲಿಸಲು ಹೇಳಿದ್ದರು. ಹಗಲಿನಲ್ಲಿ ಆ ಓಣಿ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಈ ಕಾರ್ಯಕ್ರಮದಿಂದ ನಿಮಗೇನಾಯಿತು ಎಂದು ಕೇಳಿದರು. ಅವಳು ಮುಖದ ಮೇಲಿನ ಸೆರಗು ತೆಗೆದಳು. ತೆಗೆ ಎಂದು ಯಾರೂ ಹೇಳಿರಲಿಲ್ಲ. ಒಂದೊಂದೇ ಶಬ್ದ ತಡೆದು ತಡೆದು ಹೇಳಿದಳು:

“ನನ್ನ ಬಾಯಾಗಿಂದು ಕಂಡ್ರು. ಬರಕೊಂಡ್ರು. ಕಾಯಿ ಅಂದ್ರು. ಕಾದೆ. ಇವರು ಬರಲಾರದ ಇದ್ದಿದ್ರ ನಾ ಯಾವದಾರ ದವಾಖಾನಿಗಿ ಹೋಗ್ತಿದ್ದೆ. ಇವರ ಮಾತ ಕೇಳಿ ಮನ್ಯಾಗ ಕುಂತೆ.”

ಎಲ್ಲರೂ ನನ್ನ ಕಡೆ ನೋಡಿದರು. ಅಧಿಕಾರಿಗೂ ಆ ಮಾತು ಅರ್ಥವಾಗಿರಲಿಲ್ಲ. ಆಪರೇಷನ್ ಆದ ಮೇಲಿನ ಅವಳ ಮಾತನ್ನು ಅವನು ಮೊದಲ ಸಲ ಕೇಳುತ್ತಿದ್ದ. ಅವನ ಮಡಿಲಲ್ಲಿ ಆ ಅರ್ಜಿ ಇತ್ತು. ನಾನು ಬೀಳಗಿಯ ಹಳ್ಳಿಗಳ ಹೆಂಗಸರನ್ನು ನೆನೆದೆ. ನಿಜ ಹೇಳಬೇಕೆಂದರೆ, ನನ್ನನ್ನೂ ನೆನೆದೆ.

“ಇವರು ನಮ್ಮ ಮನೆಗೆ ಬಂದು ನನ್ನ ಬಾಯಲ್ಲಿದ್ದ ರೋಗ ಕಂಡುಹಿಡಿದರು. ಅದರಿಂದಲೇ ನಾನು ಇವತ್ತು ಬದುಕಿದ್ದೇನೆ ಎನ್ನುತ್ತಾಳೆ,” ಎಂದು ಹಿಂದಿಯಲ್ಲಿ ಹೇಳಿದೆ.

ಕ್ಯಾಮೆರಾದವಳ ಕಣ್ಣು ಒದ್ದೆಯಾದವು. ಕೈಮುಗಿದಳು. ಅವರು ಸಾಮಾನು ಕಟ್ಟಿಕೊಂಡು ಹೊರಗೆ ಹೋದ ಮೇಲೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅವಳು ಬಾಗಿಲಿಗೆ ಬಂದಳು.

“ಅಕ್ಕಾರ,” ಎಂದಳು, “ನನಗ ಹಿಂದಿ ತಿಳೀತೈತ್ರಿ.”

ಸಿಟ್ಟಿರಲಿಲ್ಲ ದನಿಯಲ್ಲಿ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಓಣಿಯ ಮೊದಲ ಮಗ್ಗ ಆಗ ಮತ್ತೆ ಶುರುವಾಯಿತು. ನಾನು ಏನೋ ಹೇಳಿದೆ. ಏನೆಂದು ನನಗೇ ಕೇಳಿಸಲಿಲ್ಲ.

ಹಣ ಬಂತು. ಜಮಖಂಡಿಯ ತರಬೇತಿಯಲ್ಲಿ ಆ ವಿಡಿಯೋ ತೋರಿಸಿದರು. ಅದರಲ್ಲಿ ಅವಳ ಮುಖವಿಲ್ಲ. ನೋಡುವವರಿಗೆ ಕಷ್ಟವಾಗುತ್ತದೆಂದು ತೆಗೆದರಂತೆ. ಬಣ್ಣದ ನೂಲು, ಕಂಡಿಕೆಯ ರಾಟೆ, ಬಿಸಿಲಿಗೆ ಒಣಗಿಹಾಕಿದ ಸೀರೆಗಳು, ಅವುಗಳ ಮೇಲೆ ನನ್ನ ದನಿ. ಹೊಸದಾಗಿ ಸೇರಿದ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರೂ ನೋಡುತ್ತಿದ್ದರಲ್ಲ.

ಕೆಲಸ ಈ ಸಲ ನೆಟ್ಟಗೆ ನಡೆದಿದೆ. ಬೀಳಗಿ ಹತ್ತಿರದ ಹಳ್ಳಿಯ ಒಬ್ಬ ರೊಟ್ಟಿ ಮಾರುವ ಹೆಂಗಸಿನ ಕೆನ್ನೆಯಲ್ಲಿ ಅಂಥದೇ ಕಲೆ ಸಿಕ್ಕಿತು. ಎರಡನೇ ವಾರಕ್ಕೆ ಪರೀಕ್ಷೆಯಾಗಿ, ಕಲೆಯಷ್ಟನ್ನೇ ತೆಗೆದರು. ಆಕೆ ಮೂರನೇ ದಿನ ಊರಿಗೆ ಬಂದಳು, ತಿಂಗಳೊಳಗೆ ಮತ್ತೆ ಒಲೆ ಹಚ್ಚಿದಳು. ಇದನ್ನು ಹೇಳಿದರೆ ಅವಳಿಗೆ ಸಮಾಧಾನವಾದೀತೆಂದು ಬನಹಟ್ಟಿಗೆ ಹೋದೆ. ಅಲ್ಲ, ನನಗೆ ಸಮಾಧಾನವಾದೀತೆಂದು ಹೋದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಛಲೋ ಆತು,” ಎಂದಳು. ಕೂಡ್ರಿ ಅನ್ನಲಿಲ್ಲ.

ಹೊಸ ಯಾದಿಯಲ್ಲಿ ಬನಹಟ್ಟಿ ಇಲ್ಲ. ಅಲ್ಲಿಯ ಕೆಲಸ ಮುಗಿದಿದೆ ಎಂದು ವರದಿಯಲ್ಲಿದೆ. ನನ್ನ ಹಳೆಯ ನೋಟುಬುಕ್ಕಿನಲ್ಲಿ ಆ ಊರಿನ ಇನ್ನೂ ಐದಾರು ಹೆಸರಿವೆ, ಕಲೆ ಸಿಕ್ಕವರು. ಇಬ್ಬರನ್ನು ನಾನೇ ದವಾಖಾನೆಗೆ ಕರೆದೊಯ್ದೆ. ಒಬ್ಬ ತೀರಿಕೊಂಡ. ಉಳಿದವರ ಮನೆಗೆ ಹೋದರೆ ಬಾಗಿಲು ತೆರೆಯುತ್ತಾರೆ, ನೀರು ಕೊಡುತ್ತಾರೆ, ಬಾಯಿ ಮಾತ್ರ ತೆರೆಯುವುದಿಲ್ಲ.