ಹಂಪಕ್ಕ ಬೆಳಕಿಗೆ ಮರುಳಾದದ್ದು

ಸಿರಿಗೇರಿಯ ಹಂಪಕ್ಕನಿಗೆ ಕಣ್ಣು ಮುಚ್ಚಿದರೂ ನೀಲಿಯೇ ಕಾಣುತ್ತಿತ್ತು. ಬಳ್ಳಾರಿಯ ಒಂದು ಜೀನ್ಸ್ ಕಾರ್ಖಾನೆಯಲ್ಲಿ, ಹೊಲಿದ ಪ್ಯಾಂಟಿನ ತೊಡೆಯ ಭಾಗವನ್ನು ಉಪ್ಪುಕಾಗದದಿಂದ ತಿಕ್ಕಿ, ತೊಟ್ಟು ಹಳತಾದಂತೆ ಬೆಳ್ಳಗೆ ಮಾಡುವುದು ಅವಳ ಕೆಲಸ. ತಿಕ್ಕಿದಷ್ಟು ಕೂಲಿ. ಕೈ ಚುರುಕಾದ್ದರಿಂದ ಆ ಉದ್ದನೆಯ ಮೇಜಿನಲ್ಲಿ ಅವಳಿಗೂ ಪಕ್ಕದ ವಿರೂಪಮ್ಮನಿಗೂ ಉಳಿದ ಹೆಂಗಸರಿಗಿಂತ ಹೆಚ್ಚೇ ಸಿಗುತ್ತಿತ್ತು. ಸಂಜೆ ಊರಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ, ಕಾಲುವೆಯಾಚೆಯ ಭತ್ತದ ಗದ್ದೆಗಳೂ ಅರೆನಿದ್ದೆಯಲ್ಲಿ ನೀಲಿಯಾಗಿ, ಯಾರೋ ಅಲ್ಲಲ್ಲಿ ಮೆತ್ತಗೆ ತಿಕ್ಕಿ ಬಿಟ್ಟಂತೆ ತೇಲುತ್ತಿದ್ದವು.

ಆ ಗದ್ದೆಗಳಲ್ಲಿ ಅವಳು ಹಿಂದೆ ಕುಡುಗೋಲು ಹಿಡಿದವಳು. ಭತ್ತ ಕೊಯ್ಯುವ ಮಷಿನ್ ಬಂದ ಮೇಲೆಯೇ ಬಳ್ಳಾರಿಯ ಬಸ್ಸು ಹತ್ತಿದ್ದು. ಈಗ ಕಾರ್ಖಾನೆಗೂ ಮಷಿನ್ ಬಂತು.

ಗಾಜಿನ ಕಿಟಕಿಯಿದ್ದ ದೊಡ್ಡ ಲೇಸರ್ ಪೆಟ್ಟಿಗೆ ಅದು. ಡಿಪ್ಲೊಮಾ ಓದಿದ ಐಶ್ವರ್ಯ ಎಂಬ ಹುಡುಗಿ ಒಳಗೆ ಪ್ಯಾಂಟು ಹಾಸಿ, ಕಂಪ್ಯೂಟರಿನ ಗುಂಡಿ ಒತ್ತಿದಳು. ಒಂದು ಬೆಳಕಿನ ಚುಕ್ಕೆ ಬಟ್ಟೆಯ ಮೇಲೆ ಸರಸರ ಹರಿದಾಡಿತು. ಅದು ಹೋದಲ್ಲೆಲ್ಲ ನೀಲಿ ಕರಗಿ ತೆಳ್ಳನೆ ಹೊಗೆಯಾಗಿ ಎದ್ದಿತು. ಹಂಪಕ್ಕ ಕೈಯಲ್ಲಿದ್ದ ಪ್ಯಾಂಟನ್ನು ಮರೆತು ನಿಂತಳು.

ಸಾವ್ಕಾರ ಚನ್ನಬಸವರಾಜ ಹೆಂಗಸರನ್ನು ಕರೆದು ಹೇಳಿದ: “ತಿಕ್ಕೋ ಕೆಲಸ ಇನ್ನ ಮುಗೀತವ್ವಾ. ದಾರ ಕತ್ತರಿಸಾಕ ಬೇಕಂದ್ರ ಇರ್ರಿ. ಕೂಲಿ ಮಾತ್ರ ಕಡಿಮಿ.”

“ಏ ಹಂಪಿ, ನಮ್ಮ ಅನ್ನ ಕಸಗೊಂಡಿದ್ದನ್ನ ಹಂಗ್ಯಾಕ ನೋಡ್ತಿ?” ಎಂದಳು ವಿರೂಪಮ್ಮ.

“ಭಾಳ ಚಂದ ಐತಿ, ವಿರೂಪಿ.”

ವಿರೂಪಮ್ಮ ಬುತ್ತಿ ಬಿಚ್ಚದೆಯೇ ಎತ್ತಿಕೊಂಡು, ಕುರುಗೋಡಿನ ತವರಿಗೆ ಹೊರಟುಹೋದಳು.

ಹಂಪಕ್ಕ ಉಳಿದಳು. ಕಡಿಮೆ ಕೂಲಿಗೆ ದಾರ ಕತ್ತರಿಸುತ್ತ, ಊಟದ ಹೊತ್ತಿನಲ್ಲಿ ಗಾಜಿನ ಮುಂದೆ ಹೋಗಿ ನಿಲ್ಲುತ್ತಿದ್ದಳು. ಒಂದು ದಿನ ಐಶ್ವರ್ಯಳೇ ಕುರ್ಚಿ ಎಳೆದು ಕೊಟ್ಟಳು. “ಕೂಡ್ರಿ ಹಂಪಕ್ಕಾ. ನಿಂತು ಎಷ್ಟಂತ ನೋಡ್ತೀರಿ? ಕಲೀರಿ.”

ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ಹಂಪಕ್ಕ. ಇಂಗ್ಲಿಷ್ ಅಕ್ಷರಗಳನ್ನು ಓದದೆ, ರಂಗೋಲಿಯ ಎಳೆಗಳಂತೆ ಗುರುತಿಟ್ಟುಕೊಂಡಳು. ಮೊದಲ ಪ್ಯಾಂಟಿಗೆ ಬೆಳಕಿನ ಬಿರುಸು ಹೆಚ್ಚಾಗಿ ತೊಡೆಯಲ್ಲಿ ತೂತು ಬಿತ್ತು. ಅವಳ ಕಣ್ಣಲ್ಲಿ ನೀರಾಡಿತು. “ನಾನೂ ಭಾಳ ಸುಟ್ಟೀನ್ರಿ,” ಎಂದು ಐಶ್ವರ್ಯ ನಕ್ಕಳು.

ಎರಡನೇ ಮಷಿನ್ ಬಂದಾಗ ಅದು ಹಂಪಕ್ಕನ ಪಾಲಿಗೆ ಬಂತು. ಅವಳ ಗಳಿಕೆ ಹಳೆಯ ತಿಕ್ಕುವ ಕೂಲಿಗೆ ಬಂದು ನಿಂತಿತು. ಐಶ್ವರ್ಯಳದು ಅದರ ಎರಡರಷ್ಟು. ಹಂಪಕ್ಕ ಸಾವ್ಕಾರನ ಮುಂದೆ ನಿಂತು ಕೇಳಿಯೇ ಬಿಟ್ಟಳು: “ಮಷಿನ್ ಒಂದ ನಮೂನಿ, ಪಗಾರ ಯಾಕ ಬ್ಯಾರೆ ಸಾವ್ಕಾರ್ರೇ?”

“ಹೊಸ ಡಿಸೈನ್ ಹಾಕಾಕಿ ಅಕಿ. ಮಷಿನ್ ಕೆಟ್ಟು ನಿಂತ್ರ ನೋಡಾಕಿನೂ ಅಕಿನ.”

ಅದು ಸುಳ್ಳಲ್ಲ. “ಹಂಗಾದ್ರ ಅದನ್ನೂ ಕಲೀತೀನ್ರಿ. ಕಲ್ತು ಮತ್ತ ಕೇಳ್ತೀನಿ,” ಎಂದು ಹಂಪಕ್ಕ ಹೊರಬಂದಳು.

ಒಂದು ಭಾನುವಾರ ಕುರುಗೋಡಿಗೆ ಹೋದಳು. ವಿರೂಪಮ್ಮ ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಬಂದಿದ್ದಳು. ಬಿಸಿಲಿಗೆ ಕೆಂಪು ಸಾಲುಗಳು ಕನಸಿನಲ್ಲಿ ಕಂಡಂತೆ ಅಲುಗಾಡುತ್ತಿದ್ದವು. ಹಂಪಕ್ಕ ಸೆರಗು ಸಿಕ್ಕಿಸಿ, ಪಕ್ಕದ ಸಾಲು ಹಿಡಿದು ಬಿಡಿಸತೊಡಗಿದಳು. ಇಬ್ಬರ ಮಡಿಲೂ ಅರ್ಧ ತುಂಬಿತು.

“ಸಾವ್ಕಾರ್ರಿಗೆ ನಿನ್ನ ಸಲುವಾಗಿ ಕೇಳ್ಲೇನು?” ಎಂದಳು ಹಂಪಕ್ಕ ಕೊನೆಗೆ. ಎರಡು ಮಷಿನ್ನಿಗೆ ಇಬ್ಬರೇ ಸಾಕೆಂಬುದು ಅವಳಿಗೂ ಗೊತ್ತಿತ್ತು.

“ಬ್ಯಾಡ. ಇಲ್ಲಿ ಕೂಲಿ ಕಡಿಮಿ, ಖರೆ. ಆದ್ರ ಆ ನೀಲಿ ಧೂಳಿನ ಕೆಮ್ಮು ಹೋಗೇತಿ ನೋಡು.” ವಿರೂಪಮ್ಮ ಎದೆತುಂಬ ಉಸಿರೆಳೆದು ತೋರಿಸಿದಳು. ಆಮೇಲೆ ಮೆತ್ತಗೆ ಬೈದಳು: “ತೊಟ್ಟು ಹಿಡಿದು ಬಿಡಸಲೇ, ಗಿಡ ಮುರೀತೈತಿ.”

ಹಂಪಕ್ಕ ತೊಟ್ಟು ಹಿಡಿದಳು. ಸಿರಿಗೇರಿಯ ಬಸ್ಸು ರಸ್ತೆಯಲ್ಲಿ ಹಾರ್ನು ಹಾಕಿ ಹೋಯಿತು. ಇನ್ನೊಂದಕ್ಕೆ ಹೋದರಾಯಿತೆಂದು ಅವಳು ತಲೆ ಎತ್ತಲಿಲ್ಲ.